ಹೂವಿನಕೇರಿಯಿಂದ ಲಾಲ್‌ಬಾಗಿಗೆ

ಕಳೆದ ಮಾಘಮಾಸದಲ್ಲಿ ನನ್ನ ಸೋದರಮಾವನವರು ಹುಕ್ಕೇರಿಯಿಂದ ಬೆಂಗಳೂರಿಗೆ ಬಂದಿದ್ದರು. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ, ರಾತ್ರಿಯೆಲ್ಲ ಕುಳಿತೇ ಬಂದ ಅವರಿಗೆ ಊರಿನ ಎತ್ತರವಾದ ಕಟ್ಟಡಗಳನ್ನಾಗಲಿ ಅಂಗಡಿಗಳನ್ನಾಗಲಿ ನೋಡುವ ಅಪೇಕ್ಷೆಯಿರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಐವತ್ತು ವರ್ಷ ದುಡಿದ ಜೀವ ಅದು. “ಅಳಿಯಾ, ಲಾಲಬಾಗ ಅಂತ ಒಂದು ತೋಟಾ ಐತೆಂತಲ್ಲಾ, ಅದನ್ನೊಂದು ತೋರಸು, ಸಾಕು” ಎಂದರು. ನಾನು ಅನೇಕ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಚರಿತ್ರೆಯನ್ನು ಹೇಳುತ್ತಿರುವವನು. ಲಾಲ್‌ಬಾಗನ್ನು ನೂರಾರು ಸಲ ಸುತ್ತಿದವನು. ಆದರೂ ಆ ಒಂದು ಬೆಳಗಿನ ಸಂಚಾರದಲ್ಲಿ ಅವರು ಕೇಳಿದ ಎರಡು ಮೂರು ಪ್ರಶ್ನೆಗಳು ನನ್ನ ಪಾಠವನ್ನು ಮತ್ತೆ ಮೊದಲಿನಿಂದ ಓದುವಂತೆ ಮಾಡಿದುವು. ಆ ಓದಿನ ಫಲವನ್ನೇ ಈ ಹೊತ್ತು ತಮ್ಮ ಮುಂದೆ ಇಡಲು ಅಪೇಕ್ಷಿಸುತ್ತೇನೆ.

ಮೊದಲು ಹುಕ್ಕೇರಿಯ ವಿಷಯವಾಗಿ ಎರಡು ಮಾತು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭೆಯ ಆಸುಪಾಸಿನ ಊರುಗಳು. ಗೋಕಾಕವೆಂದರೆ ಸುಮಾರು 170 ಅಡಿ ಎತ್ತರದಿಂದ ಧುಮುಕುವ ಜಲಪಾತವನ್ನು ಎಲ್ಲರೂ ನೆನೆಯುತ್ತಾರೆ. ಕರದಂಟನ್ನು ನೆನೆಯುವವರು ಇನ್ನೂ ಹೆಚ್ಚು. ಮೂಡಲಗಿಯು ತೀರ ಈಚಿನವರೆಗೆ ಗೋಕಾಕ ತಾಲ್ಲೂಕಿಗೇ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿದೆ. ಹುಕ್ಕೇರಿಯನ್ನು ಮಾತ್ರ ಹೊರಗಿನವರು ಬಲ್ಲದ್ದು ಕಡಿಮೆ. ಆದರೆ ಆ ಹೆಸರನ್ನು ಬಿಡಿಸಿ ನೋಡಿದರೆ ಒಂದು ಚರಿತ್ರೆಯೇ ಕಾಣುತ್ತದೆ. ‘ಹೂವಿನಕೇರಿ’ ಎಂಬುದೇ ಬಾಯಿಂದ ಬಾಯಿಗೆ ಸವೆದು ಹುಕ್ಕೇರಿಯಾಯಿತೆಂದು ಸ್ಥಳದವರು ಹೇಳುತ್ತಾರೆ. ಆದಿಲಶಾಹಿಯ ಕಾಲದಲ್ಲಿ ಇಲ್ಲಿ ಗುಲಾಬಿಯ ತೋಟಗಳಿದ್ದುವೆಂದೂ, ಇಲ್ಲಿಯ ಹೂವು ಬಿಜಾಪುರದ ಸುಲ್ತಾನರ ಅರಮನೆಗೆ ಹೋಗುತ್ತಿತ್ತೆಂದೂ ಪ್ರತೀತಿ. ಊರಿನಲ್ಲಿ ಆ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ನೆಲದೊಳಗಿನ ಕಾಲುವೆಗಳ ಮೂಲಕ ಊರಿಗೆ ನೀರನ್ನು ತಂದ ಹಳೆಯ ಏರ್ಪಾಟಿನ ಗುರುತುಗಳೂ ಇವೆ. ಇಲ್ಲದಿರುವುದು ಒಂದೇ: ಹೂವು.

ಬಿಜಾಪುರವು ಹುಕ್ಕೇರಿಗೆ ಹತ್ತಿರದ ಊರಲ್ಲ. ಎತ್ತಿನ ಬಂಡಿಯಲ್ಲಾಗಲಿ ಕುದುರೆಯ ಮೇಲಾಗಲಿ ಗುಲಾಬಿಯ ಹೂವು ಬಾಡದೆ ಅಷ್ಟು ದೂರ ಹೋಗುವುದು ಸಾಧ್ಯವೆ? ಎಂದು ನಾನು ಬಾಲ್ಯದಲ್ಲಿಯೇ ಮಾವನವರನ್ನು ಕೇಳಿದ್ದುಂಟು. ಅವರು ನಕ್ಕು ಸುಮ್ಮನಾಗಿದ್ದರು. ಈಗ ಆಲೋಚಿಸಿದರೆ, ಪನ್ನೀರಿನ ರೂಪದಲ್ಲಿಯೋ ಅತ್ತರಿನ ರೂಪದಲ್ಲಿಯೋ ಹೋಗಿರಬಹುದೆಂದು ತೋರುತ್ತದೆ. ಅದು ನನ್ನ ಊಹೆ ಮಾತ್ರ. ಊಹೆಯಲ್ಲದ ಸಂಗತಿ ಯಾವುದೆಂದರೆ, 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಹಿಡಿದನು, ಆದಿಲಶಾಹಿಯು ಮುಗಿಯಿತು, ಹೂವನ್ನು ಕೊಳ್ಳುವ ಅರಮನೆಯೇ ಇಲ್ಲವಾಯಿತು. ಒಬ್ಬ ದೊರೆಯ ಮೂಗಿಗಾಗಿ ಬೆಳೆದ ತೋಟವು ಆ ದೊರೆಯ ಸಂಗಡವೇ ಬಾಡುವುದು ಆಶ್ಚರ್ಯವಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಲಾಲ್‌ಬಾಗಿನ ಬಾಗಿಲನ್ನು ಹೊಗೋಣ. ಇದೂ ಒಬ್ಬ ದೊರೆಯ ತೋಟವಾಗಿಯೇ ಹುಟ್ಟಿದುದು. ಇದರ ಒಡೆತನವಾದರೋ ಹುಕ್ಕೇರಿಗಿಂತ ಹೆಚ್ಚು ಸಲ ಕೈಬದಲಾಯಿಸಿತು. ಹಾಗಿದ್ದರೂ ಇದು ಉಳಿಯಿತು, ಉಳಿದದ್ದಲ್ಲದೆ ಬೆಳೆಯಿತು. ಏಕೆ? ಇದೇ ಈ ಹೊತ್ತಿನ ಪ್ರಶ್ನೆ.

ಮಾವನವರನ್ನು ನಾನು ಮೊದಲು ಕರೆದುಕೊಂಡು ಹೋದದ್ದು ಬಂಡೆಯ ಮೇಲಕ್ಕೆ. ಉದ್ಯಾನದೊಳಗಿನ ಆ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಗರ್ಭಶಾಸ್ತ್ರಜ್ಞರು ಎಣಿಸಿದ್ದಾರೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಅದರ ನೆತ್ತಿಯ ಮೇಲೆ ಒಂದು ಪುಟ್ಟ ಗೋಪುರವಿದೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದವರು ಊರಿನ ಸುತ್ತ ನಾಲ್ಕು ಕಡೆ ಎಬ್ಬಿಸಿದ ಗೋಪುರಗಳಲ್ಲಿ ಅದೊಂದು. ಊರು ಈ ಎಲ್ಲೆಯನ್ನು ಮೀರಿ ಬೆಳೆಯಬಾರದೆಂಬುದು ಆ ಗೋಪುರಗಳ ಅಭಿಪ್ರಾಯವಾಗಿತ್ತೆಂದು ಜನ ಹೇಳುತ್ತಾರೆ. ಅಲ್ಲಿ ನಿಂತು ಸುತ್ತಲೂ ನೋಡಿದರೆ, ಆ ಎಲ್ಲೆಯನ್ನು ದಾಟಿ ಕಣ್ಣು ಹರಿಯುವಷ್ಟು ದೂರ ಮನೆಗಳು ಹಬ್ಬಿವೆ. ಮಾವನವರು ಬಂಡೆಯನ್ನು ಅಂಗೈಯಿಂದ ತಟ್ಟಿ, “ಕೆಳಗ ಇಂಥಾ ಕಲ್ಲು, ಇದರ ಮಗ್ಗಲಕ ತೋಟಾ. ನೀರು ಎಲ್ಲಿಂದ ತಂದಾರು?” ಎಂದರು. ಅದು ಅವರ ಮೊದಲನೆಯ ಪ್ರಶ್ನೆ.

ಒಕ್ಕಲಿಗನ ಪ್ರಶ್ನೆ ಅದು. ಚರಿತ್ರೆಯ ಪ್ರಶ್ನೆಯೂ ಹೌದು. ತೋಟವೆಂದರೆ ಮೊದಲು ನೀರು, ಆಮೇಲೆ ಗಿಡ. 1750ರ ದಶಕದ ಕೊನೆಯಲ್ಲಿ ಬೆಂಗಳೂರು ಹೈದರಲಿಗೆ ಜಹಗೀರಾಗಿ ಬಂದಿತು. ಕೋಟೆಯ ಹೊರಗೆ, ಕೆರೆಗಳ ನೀರು ದೊರೆಯುವ ನೆಲದಲ್ಲಿ, 1760ರಲ್ಲಿ ಆತನು ಸುಮಾರು 40 ಎಕರೆಯ ತೋಟವನ್ನು ತೊಡಗಿಸಿದನು. ಓದು ಬರಹ ಕಲಿಯದ ಆ ಯೋಧನಿಗೆ ತೋಟದ ಮೇಲೆ ಇಷ್ಟು ಮಮತೆ ಎಲ್ಲಿಂದ ಬಂದಿತು? ಶಿರಾದಲ್ಲಿ ಮೊಗಲರ ಸುಬೇದಾರನಾಗಿದ್ದ ದಿಲಾವರಖಾನನ ತೋಟವೇ ಇದಕ್ಕೆ ಮಾದರಿಯೆಂಬುದು ಬಹುಕಾಲದಿಂದ ನಡೆದುಬಂದ ಮಾತು. ಹೈದರನು ಶಿರಾವನ್ನು ಗೆದ್ದದ್ದು 1761ರಲ್ಲಿ. ತೋಟಕ್ಕಿಂತ ಒಂದು ವರ್ಷ ಈಚೆಗೆ. ಆದರೆ ಅವನ ತಂದೆ ಫತೇ ಮಹಮ್ಮದನು ಶಿರಾದ ನವಾಬರ ಸೇವೆಯಲ್ಲಿದ್ದವನು. ಆದುದರಿಂದ ಆ ತೋಟದ ಸೊಬಗು ಹೈದರನ ಮನೆಯವರಿಗೆ ಹೊಸದಾಗಿರಲಾರದು.

ಇಲ್ಲಿ ಒಂದು ಸ್ವಾರಸ್ಯವಿದೆ. ಮೊಗಲರ ಕೈಸೇರುವುದಕ್ಕೆ ಮೊದಲು ಶಿರಾ ಯಾರದಾಗಿತ್ತು? ಬಿಜಾಪುರದ್ದಾಗಿತ್ತು. 1638ರಲ್ಲಿ ರಣದುಲ್ಲಾಖಾನನು ಆದಿಲಶಾಹನ ಪರವಾಗಿ ದಕ್ಷಿಣಕ್ಕೆ ದಂಡೆತ್ತಿ ಬಂದಾಗ ಶಿರಾವೂ ಬೆಂಗಳೂರೂ ಆ ರಾಜ್ಯಕ್ಕೆ ಸೇರಿದುವು. ಅಂದರೆ ಹುಕ್ಕೇರಿಯ ಗುಲಾಬಿಯನ್ನು ಬಯಸಿದ ಆಸ್ಥಾನದ ಅಧಿಕಾರವೇ ಒಂದು ಕಾಲಕ್ಕೆ ಬೆಂಗಳೂರಿನ ಮೇಲೆಯೂ ಇದ್ದಿತು. ಚೌಕವಾದ ಮಡಿಗಳು, ನಡುವೆ ನೇರವಾದ ದಾರಿಗಳು, ದಾರಿಯ ಎರಡು ಮಗ್ಗುಲಿಗೆ ಸುರುಗಿಯಂತೆ ಎದ್ದ ಸೈಪ್ರೆಸ್ ಮರಗಳು, ಮಡಿಗೆ ಒಂದು ಜಾತಿಯ ಗಿಡ—ಈ ಪದ್ಧತಿಯು ಪಾರಸಿಕ ದೇಶದಿಂದ ದಖ್ಖಣದ ಆಸ್ಥಾನಗಳಿಗೂ ಮೊಗಲರ ಸುಬೆಗಳಿಗೂ ಇಳಿದು, ಅಲ್ಲಿಂದ ಮೈಸೂರು ಸೀಮೆಗೆ ಬಂದಿತು. ಹೂವಿನಕೇರಿಯ ತೋಟವೂ ಲಾಲ್‌ಬಾಗೂ ಒಂದೇ ಮನೆತನದ ದೂರದ ದಾಯಾದಿಗಳೆಂದರೆ ಅತಿಶಯೋಕ್ತಿಯಾಗಲಾರದು.

ಹೈದರನು ತೋಟವನ್ನು ಹಾಕಿದನೆಂದು ನಾವು ಬರೆಯುತ್ತೇವೆ. ಗುದ್ದಲಿ ಹಿಡಿದವರು ಯಾರು? ಬೆಂಗಳೂರಿನಲ್ಲಿ ತೋಟಗಾರಿಕೆಗೆ ಹೆಸರಾದವರು ತಿಗಳರು. ಪ್ರತಿ ಚೈತ್ರ ಹುಣ್ಣಿಮೆಗೆ ಧರ್ಮರಾಯನ ಗುಡಿಯಿಂದ ಹೊರಡುವ ಕರಗವನ್ನು ಹೊರುವ ಜನ ಇವರೇ. ತಮಿಳುನಾಡಿನ ಕಡೆಯಿಂದ ಬಂದು ನೆಲೆಸಿದ ಇವರ ಕೈಗೆ ಹೈದರನು ತನ್ನ ತೋಟವನ್ನು ಒಪ್ಪಿಸಿದನೆಂಬುದು ಪರಂಪರೆಯ ಮಾತು. ಅರಮನೆಯ ದಫ್ತರಗಳಲ್ಲಿ ದೊರೆಗಳ ಹೆಸರು ಉಳಿಯುತ್ತದೆ. ಮಡಿ ಕಟ್ಟಿದವನ ಹೆಸರು ಉಳಿಯುವುದಿಲ್ಲ. ಆದರೆ ದೊರೆಗಳು ಹೋದ ಮೇಲೂ ಗಿಡಕ್ಕೆ ನೀರೆರೆಯುವವರು ಇದ್ದೇ ಇದ್ದರೆಂಬುದನ್ನು ನಾವು ಮರೆಯಬಾರದು. ತೋಟದ ಉಳಿವಿಗೆ ಇದು ಮೊದಲನೆಯ ಕಾರಣ.

ಟಿಪ್ಪುಸುಲ್ತಾನನ ಕಾಲಕ್ಕೆ ತೋಟದ ಸ್ವಭಾವವೇ ಬದಲಾಯಿತು. ತಂದೆಗೆ ತೋಟವು ವಿಶ್ರಾಂತಿಯ ಸ್ಥಳ. ಮಗನಿಗೆ ಅದು ಪ್ರಯೋಗದ ಸ್ಥಳವೂ ಆಯಿತು. ಅವನ ಪತ್ರಗಳಲ್ಲಿ ಯುದ್ಧದ ಮಾತಿನ ನಡುವೆ ಬೀಜಗಳ ಮಾತು ಬರುತ್ತದೆ. ಮಸ್ಕತ್ತಿನಲ್ಲಿದ್ದ ತನ್ನ ಪ್ರತಿನಿಧಿಗೆ ಕೇಸರಿಯ ಬೀಜ, ಖರ್ಜೂರದ ಸಸಿಗಳಿಗಾಗಿ ಬರೆಯುತ್ತಾನೆ. ಬಂಗಾಳದಿಂದ ರೇಷ್ಮೆಯ ಹುಳುವನ್ನು ತರಿಸುತ್ತಾನೆ. 1787ರಲ್ಲಿ ಫ್ರಾನ್ಸಿಗೆ ಹೊರಟ ಅವನ ರಾಯಭಾರಿಗಳು ಮರುವರ್ಷ ಹದಿನಾರನೆಯ ಲೂಯಿ ದೊರೆಯನ್ನು ಕಂಡಾಗ ಕೇಳಿದ್ದು ಸೈನ್ಯವನ್ನು ಮಾತ್ರವಲ್ಲ. ಕುಶಲಕರ್ಮಿಗಳನ್ನೂ ಗಿಡಬೀಜಗಳನ್ನೂ ತೋಟಗಾರರನ್ನೂ ಕೇಳಿದರು. ರಾಜ್ಯವೇ ಅಲ್ಲಾಡುತ್ತಿದ್ದ ಕಾಲದಲ್ಲಿ ಒಬ್ಬ ಅರಸನು, ತಾನು ಹಣ್ಣು ತಿನ್ನುವನೋ ಇಲ್ಲವೋ ತಿಳಿಯದ ಗಿಡಗಳಿಗಾಗಿ ಸಮುದ್ರದಾಚೆಗೆ ಕೈಚಾಚಿದನು. ಟಿಪ್ಪುವಿನ ರಾಜನೀತಿಯ ವಿಷಯದಲ್ಲಿ ಅಭಿಪ್ರಾಯಭೇದಗಳು ಎಷ್ಟೇ ಇರಲಿ, ಈ ಸಂಗತಿಯು ಮನಸ್ಸನ್ನು ಹಿಡಿಯುವಂತಹುದು.

ಲಾಲ್‌ಬಾಗ್ ಎಂಬ ಹೆಸರಿನ ತೋಟ ಬೆಂಗಳೂರಿನಲ್ಲಿ ಮಾತ್ರ ಇದ್ದುದಲ್ಲ. ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿಯೂ ಒಂದು ಲಾಲ್‌ಬಾಗಿದ್ದಿತು. 1792ರ ಫೆಬ್ರವರಿಯಲ್ಲಿ ಕಾರ್ನವಾಲಿಸನ ಸೈನ್ಯವು ಆ ದ್ವೀಪವನ್ನು ಹೊಕ್ಕಿತು. ಕೋಟೆಗೆ ಮುತ್ತಿಗೆ ಹಾಕಲು ಸೌದೆಯ ಕಟ್ಟುಗಳೂ ಬುಟ್ಟಿಗಳೂ ಬೇಕಾಗಿದ್ದುವು. ಅದಕ್ಕಾಗಿ ಸಿಪಾಯಿಗಳು ಸುಲ್ತಾನನ ತೋಟದ ಹಣ್ಣಿನ ಮರಗಳನ್ನೂ ಸೈಪ್ರೆಸ್ ಮರಗಳನ್ನೂ ಕಡಿದುಹಾಕಿದರು. ವರ್ಷಗಟ್ಟಲೆ ಬೆಳೆಸಿದ ಸಾಲುಮರಗಳು ಕೆಲವು ದಿನಗಳಲ್ಲಿ ಮುತ್ತಿಗೆಯ ಸಾಮಗ್ರಿಯಾದುವು. ಈ ಹೊತ್ತು ಅಲ್ಲಿಗೆ ಹೋದರೆ ಕಾಣುವುದು ಗುಂಬಜು. ಅದರೊಳಗೆ ಹೈದರನೂ ಫಖ್ರುನ್ನೀಸಾ ಬೇಗಮಳೂ ಟಿಪ್ಪುವೂ ಮಲಗಿದ್ದಾರೆ. ಒಂದೇ ಹೆಸರಿನ ಎರಡು ತೋಟಗಳಲ್ಲಿ ಒಂದು ಕೊಡಲಿಗೆ ಸಿಕ್ಕಿತು, ಇನ್ನೊಂದು ತಪ್ಪಿಸಿಕೊಂಡಿತು. ಚರಿತ್ರೆಯಲ್ಲಿ ಅದೃಷ್ಟಕ್ಕೂ ಒಂದು ಪಾಲಿದೆಯೆಂಬುದನ್ನು ಒಪ್ಪಿಕೊಳ್ಳಬೇಕು.

1799ರ ಮೇ 4ರಂದು ಟಿಪ್ಪು ಬಿದ್ದನು. ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯವರ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಪರೀಕ್ಷಿಸುತ್ತ ಬೆಂಗಳೂರಿಗೆ ಬಂದನು. ಒಡೆಯನಿಲ್ಲದ ತೋಟವನ್ನು ಅವನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಸೈಪ್ರೆಸ್ ಸಾಲುಗಳ ನಡುವೆ ಚೌಕದ ಮಡಿಗಳಿದ್ದುವು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ದ್ರಾಕ್ಷಿಯು ಹುಲುಸಾಗಿ ಬೆಳೆದಿದ್ದಿತು. ಸೇಬು, ಪೀಚು ಎರಡೂ ಹಣ್ಣು ಬಿಡುತ್ತಿದ್ದುವು. ಗುಡ್‌ಹೋಪ್ ಭೂಶಿರದಿಂದ ತಂದ ಪೈನ್ ಮತ್ತು ಓಕ್ ಗಿಡಗಳು ಚಿಗುರಿದ್ದುವು. ತರಿಸಿದವನು ಮಣ್ಣಾಗಿ ಒಂದು ವರ್ಷವಾಗಿದ್ದಿತು. ಗಿಡಗಳು ಆ ಸುದ್ದಿಯನ್ನು ಕೇಳಿದಂತೆ ಕಾಣಲಿಲ್ಲ.

ಮುಂದಿನ ಅರುವತ್ತು ವರ್ಷಗಳ ಕಥೆಯನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಅದು ಹೆಚ್ಚಾಗಿ ಕೈಯಿಂದ ಕೈಗೆ ಹೋದ ಕಥೆ. ಮೊದಲು ಕಂಪೆನಿಯ ಸಸ್ಯಶಾಸ್ತ್ರಜ್ಞನಾದ ಬೆಂಜಮಿನ್ ಹೈನನು ನೋಡಿಕೊಂಡನು. ಬಳಿಕ ಮೇಜರ್ ವಾ ಎಂಬ ಅಧಿಕಾರಿಯ ವಶಕ್ಕೆ ಹೋಯಿತು. ಆತನು 1819ರಲ್ಲಿ ಅದನ್ನು ಗೌರ್ನರ್ ಜನರಲ್ಲನಿಗೆ ಒಪ್ಪಿಸಲು ಮುಂದಾದ ಮೇಲೆ, ವಾಲಿಕ್ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿದ್ದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಶಾಖೆಯಾಯಿತು. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಗೆ ಬಂದಾಗ ತೋಟವೂ ಅವರ ಪಾಲಾಯಿತು. 1836ರಲ್ಲಿ ವಿಲಿಯಂ ಮನ್ರೋ ಮುಂದಾಳಾಗಿದ್ದ ಒಂದು ಕೃಷಿ ಮತ್ತು ತೋಟಗಾರಿಕೆಯ ಸಂಘಕ್ಕೆ ಅದನ್ನು ಕೊಟ್ಟರು. 1842ರಲ್ಲಿ ಸಂಘವೇ ಮುಳುಗಿತು. ಈ ನಡುವಣ ಕಾಲದಲ್ಲಿ ತೋಟವು ಹಾಳಾಗಿ ಹೋಗಲು ಎಲ್ಲ ಅವಕಾಶಗಳೂ ಇದ್ದುವು.

ಆಗ ಬಂದಿತು 1856. ಮದರಾಸಿನ ಅರಣ್ಯಗಳ ಅಧಿಕಾರಿಯಾದ ಡಾಕ್ಟರ್ ಕ್ಲೆಗ್‌ಹಾರ್ನ್ ಎಂಬುವರ ಸಲಹೆಯಂತೆ ಲಾಲ್‌ಬಾಗು ಸರ್ಕಾರದ ಸಸ್ಯಶಾಸ್ತ್ರೀಯ ಉದ್ಯಾನವೆಂದು ನೆಲೆಗೊಂಡಿತು. ಎರಡು ವರ್ಷಗಳ ಮೇಲೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಎಂಬುವನು ಇಲ್ಲಿಗೆ ಬಂದನು. 1861ರಲ್ಲಿ ಅವನು ತೋಟದಲ್ಲಿರುವ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಇದು ಸಣ್ಣ ಕೆಲಸವೆಂದು ಕೆಲವರಿಗೆ ತೋರಬಹುದು. ನನ್ನ ಮಟ್ಟಿಗೆ ಲಾಲ್‌ಬಾಗಿನ ಚರಿತ್ರೆಯಲ್ಲಿ ಹೈದರನ ಅಡಿಗಲ್ಲಿನ ಬಳಿಕ ಇದಕ್ಕಿಂತ ದೊಡ್ಡ ಘಟನೆಯಿಲ್ಲ. ಏಕೆಂದರೆ, ಪಟ್ಟಿಯಿಲ್ಲದ ತೋಟವು ಮಾಲಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಮಾಲಿ ಹೋದರೆ ನೆನಪೂ ಹೋಯಿತು. ಪಟ್ಟಿಯಾದ ತೋಟವು ಮುಂದೆ ಬರುವವನಿಗೆ ಕೊಟ್ಟ ಲೆಕ್ಕ. ಏನು ಇದ್ದಿತು, ಏನು ಸತ್ತಿತು, ಯಾವುದನ್ನು ಮತ್ತೆ ತರಿಸಬೇಕು ಎಂಬುದನ್ನು ಅವನು ಓದಿ ತಿಳಿಯಬಹುದು. ಹುಕ್ಕೇರಿಯ ಗುಲಾಬಿಗೆ ಇಂತಹ ಒಂದು ಪಟ್ಟಿಯೂ ಇರಲಿಲ್ಲ. ಆದುದರಿಂದಲೇ ಅದು ಯಾವ ಜಾತಿಯ ಗುಲಾಬಿ, ಎಷ್ಟು ಎಕರೆಯಲ್ಲಿ ಬೆಳೆಯುತ್ತಿತ್ತು ಎಂಬ ಪ್ರಶ್ನೆಗಳಿಗೆ ಕಥೆಯ ಹೊರತು ಉತ್ತರವಿಲ್ಲ.

ನ್ಯೂ 1873ರಲ್ಲಿ ತೀರಿಕೊಂಡನು. 1874ರಲ್ಲಿ ಅವನ ಸ್ಥಾನಕ್ಕೆ ಬಂದವನು ಜಾನ್ ಕ್ಯಾಮರನ್. 34 ವರ್ಷ ಇಲ್ಲಿಯೇ ದುಡಿದನು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ಬಂದಿತು. ಒಡೆಯರ ಸರ್ಕಾರವು ತೋಟವನ್ನು ವಿಲಾಸಕ್ಕಾಗಿ ಹಿಂದಕ್ಕೆ ಕೇಳಲಿಲ್ಲ. ಬದಲಾಗಿ ಅದಕ್ಕೆ ನೆಲವನ್ನು ಸೇರಿಸಿತು. 1889ರಲ್ಲಿ 30 ಎಕರೆ, 1891ರಲ್ಲಿ ಕೆಂಪೇಗೌಡನ ಗೋಪುರವಿರುವ ಬಂಡೆಯೂ ಸೇರಿ 13 ಎಕರೆ, 1894ರಲ್ಲಿ 94 ಎಕರೆ—ಹೀಗೆ ಹೈದರನ 40 ಎಕರೆಯ ತೋಟವು ಹಿಗ್ಗುತ್ತ ಹೋಯಿತು. ಈಗ ಅದರ ವಿಸ್ತಾರ ಸುಮಾರು 240 ಎಕರೆ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಗಾಜಿನ ಮನೆಗೆ ಅಡಿಗಲ್ಲನ್ನಿಟ್ಟನು. ಲಂಡನ್ನಿನ ಸ್ಫಟಿಕ ಭವನವನ್ನು ಮಾದರಿಯಾಗಿಟ್ಟುಕೊಂಡು, ಗ್ಲಾಸ್ಗೋ ನಗರದ ಸ್ಯಾರಸೆನ್ ಎರಕಶಾಲೆಯಲ್ಲಿ ಎರೆದ ಕಬ್ಬಿಣದಿಂದ ಅದನ್ನು ಎತ್ತಿದರು. ಆ ಲಂಡನ್ನಿನ ಭವನವು 1936ರಲ್ಲಿ ಸುಟ್ಟುಹೋಯಿತು. ಬೆಂಗಳೂರಿನ ಕಿರಿಯ ತಂಗಿ ಇನ್ನೂ ನಿಂತಿದ್ದಾಳೆ.

ಗಾಜಿನ ಮನೆಯ ಕೆಳಗೆ ಮಾವನವರು ಬಹಳ ಹೊತ್ತು ನಿಂತಿದ್ದರು. ಅವರಿಗೆ ಕಬ್ಬಿಣದ ಕಮಾನುಗಳು ಅಷ್ಟಾಗಿ ರುಚಿಸಿದಂತೆ ಕಾಣಲಿಲ್ಲ. ಸೀಮೆಬದನೆಕಾಯಿಯ ಸಂಗತಿಯನ್ನು ಹೇಳಿದಾಗ ಮಾತ್ರ ಕಿವಿ ನೆಟ್ಟಗಾಯಿತು. ಬೆಂಗಳೂರಿನವರು ಸಾಂಬಾರಿಗೂ ಕೂಟಿಗೂ ಹಾಕುವ ಆ ಕಾಯಿ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದ ಬಳ್ಳಿ. ಅದು ನಮ್ಮ ಅಡಿಗೆಮನೆಗೆ ಬಂದದ್ದು ಕ್ಯಾಮರನ್ನನ ಕಾಲದಲ್ಲಿ, ಲಾಲ್‌ಬಾಗಿನ ದಾರಿಯಿಂದ. ಸೀಮೆ ಎಂಬ ವಿಶೇಷಣವನ್ನು ಹೊತ್ತ ತರಕಾರಿಗಳಿಗೆ ಇಲ್ಲಿ ಮಡಿ ಕಟ್ಟಿ, ಹವೆಗೆ ಒಗ್ಗಿಸಿ, ರೈತರಿಗೆ ಬೀಜವನ್ನು ಹಂಚಿದರು. ಹೀಗೆ ತೋಟದ ಗೋಡೆಯೊಳಗಿನ ಗಿಡವು ಗೋಡೆಯ ಹೊರಗಿನ ಒಲೆಗೆ ತಲುಪಿತು. ಬ್ರಿಟಿಷರ ಉದ್ದೇಶವು ಕೇವಲ ಪರೋಪಕಾರವೆಂದು ನಾನು ಹೇಳುತ್ತಿಲ್ಲ. ಕ್ಯೂ, ಕಲ್ಕತ್ತ, ಬೆಂಗಳೂರು ಇವೆಲ್ಲ ಸೇರಿ, ಯಾವ ದೇಶದ ಯಾವ ಗಿಡವು ಸಾಮ್ರಾಜ್ಯದ ಯಾವ ಮೂಲೆಯಲ್ಲಿ ಹಣ ತರುವುದೆಂದು ಪರೀಕ್ಷಿಸುವ ಒಂದು ಜಾಲವಾಗಿದ್ದುವು. ವಿದ್ಯೆಯ ಹಿಂದೆ ವ್ಯಾಪಾರವಿದ್ದಿತು. ಆದರೆ ಮಣ್ಣಿಗೆ ಬಿದ್ದ ಬೀಜವು ತಂದವನ ಉದ್ದೇಶವನ್ನು ಮಾತ್ರ ನಡೆಸಿ ಸುಮ್ಮನಿರುವುದಿಲ್ಲ. ಬೆಳೆದವನ ಹೊಟ್ಟೆಯನ್ನೂ ತುಂಬುತ್ತದೆ.

1908ರಲ್ಲಿ ಕ್ರುಂಬಿಗಲ್ ಬಂದರು. ಜರ್ಮನಿಯ ಡ್ರೆಸ್ಡನ್ ಪ್ರಾಂತದಲ್ಲಿ ಹುಟ್ಟಿ, ಕ್ಯೂವಿನಲ್ಲಿ ಕಲಿತು, ಬರೋಡೆಯ ಗಾಯಕವಾಡರಲ್ಲಿ ದುಡಿದು, ಕೊನೆಗೆ ಮೈಸೂರು ಸಂಸ್ಥಾನವನ್ನು ಸೇರಿದವರು. ಊರಿನ ಬೀದಿಗಳಲ್ಲಿ ಒಂದು ಜಾತಿಯ ಮರವು ಹೂವುದುರಿಸುವ ಹೊತ್ತಿಗೆ ಇನ್ನೊಂದು ಜಾತಿಯು ಹೂಬಿಡುವಂತೆ ನೆಡಿಸಿದ ಕೀರ್ತಿ ಅವರದು. ಇಂದು ಬೆಂಗಳೂರಿಗರು ಜಕರಂದದ ನೀಲಿಯನ್ನೂ ಗುಲ್‌ಮೊಹರದ ಕೆಂಪನ್ನೂ ಋತುವಿನ ಗುರುತಾಗಿ ಎಣಿಸುವುದು ಈ ಏರ್ಪಾಟಿನಿಂದ. 1932ರಲ್ಲಿ ಅವರಿಂದ ಭಾರವನ್ನು ವಹಿಸಿಕೊಂಡವರು ನಮ್ಮವರೇ ಆದ ಎಚ್. ಸಿ. ಜವರಾಯರು. 1935ರಲ್ಲಿ ಗಾಜಿನ ಮನೆಯ ಪೂರ್ವದ ಅಂಗವು ಬೆಳೆದದ್ದು ಅವರ ಕಾಲದಲ್ಲಿ. ಸ್ವಾತಂತ್ರ್ಯವು ಬಂದ ಮೇಲೆ ಎಂ. ಎಚ್. ಮರಿಗೌಡರು ಈ ಪರಂಪರೆಯನ್ನು ನಾಡಿನ ಜಿಲ್ಲೆ ಜಿಲ್ಲೆಗೆ ಹಬ್ಬಿಸಿದರು. ಒಬ್ಬ ಸ್ಕಾಟಿನವನು, ಒಬ್ಬ ಜರ್ಮನಿಯವನು, ಇಬ್ಬರು ಕನ್ನಡಿಗರು—ಒಬ್ಬನು ನೆಟ್ಟುದನ್ನು ಇನ್ನೊಬ್ಬನು ಕೀಳಲಿಲ್ಲ. ನಮ್ಮ ಸಾರ್ವಜನಿಕ ಜೀವನದಲ್ಲಿ ಇದು ಅಪರೂಪವಾದ ಸದ್ಗುಣ.

ಉಳಿವಿನ ಕಾರಣಗಳನ್ನು ಈಗ ಒಟ್ಟಾಗಿ ನೋಡಬಹುದು. ಗಿಡವನ್ನು ಬಲ್ಲ ಕೈಗಳು ತಪ್ಪದೆ ಇದ್ದುವು. ಇದ್ದುದನ್ನು ಬರೆದಿಡುವ ಅಭ್ಯಾಸ ಬಂದಿತು. ಪ್ರತಿಯೊಂದು ಆಳ್ವಿಕೆಗೂ ಈ ತೋಟದಿಂದ ಒಂದೊಂದು ಬೇರೆ ಪ್ರಯೋಜನವಿದ್ದಿತು: ಹೈದರನಿಗೆ ನೆರಳು, ಟಿಪ್ಪುವಿಗೆ ಪ್ರಯೋಗ, ಕಂಪೆನಿಗೆ ಲಾಭ, ಒಡೆಯರಿಗೆ ಪ್ರಜೆಗಳ ಹಿತ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲು ತೆರೆಯಿತು. ಜನವರಿ 26ಕ್ಕೂ ಆಗಸ್ಟ್ 15ಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನಗಳನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ಗೃಹಸ್ಥರನ್ನು ನೋಡಿದರೆ, ಈ ತೋಟಕ್ಕೆ ಈಗ ಲಕ್ಷಾಂತರ ದೊರೆಗಳಿದ್ದಾರೆಂದು ಹೇಳಬೇಕಾಗುತ್ತದೆ. ಒಬ್ಬ ದೊರೆ ಸತ್ತರೆ ತೋಟ ಸಾಯುತ್ತದೆ. ಇಷ್ಟು ಮಂದಿ ಒಟ್ಟಿಗೆ ಸಾಯುವುದಿಲ್ಲ.

ಹೀಗೆಂದು ನಾನು ಮಾವನವರಿಗೆ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸುತ್ತಿದ್ದೆ. ಆಗ ಅವರು ಎರಡನೆಯ ಪ್ರಶ್ನೆಯನ್ನು ಹಾಕಿದರು.

“ಅಳಿಯಾ, ಹಂಗಾದ್ರ ಈಗ ಈ ತೋಟಾ ಯಾರ್ದು?”

“ಸರಕಾರದ್ದು, ಮಾವ. ಅಂದರೆ ಎಲ್ಲರದೂ.”

“ಎಲ್ಲಾರ್ದು ಅಂದ್ರ ಯಾರ್ದೂ ಅಲ್ಲ ಅಂತ ಆಗಬಾರ್ದು ನೋಡು.”

ಆ ಮಾತಿಗೆ ನಾನು ಕೂಡಲೇ ಉತ್ತರ ಹೇಳಲಾರದೆ ಹೋದೆ. 2009ರ ನೆನಪು ಬಂದಿತು. ಆ ವರ್ಷ ನಗರದ ಮೆಟ್ರೋ ರೈಲಿನ ದಾರಿಗಾಗಿ ಉದ್ಯಾನದ ಒಂದು ಅಂಚಿನಲ್ಲಿ ಗೋಡೆಯನ್ನು ಒಡೆದು ಮರಗಳನ್ನು ಕಡಿದರು. ರೈಲು ಬೇಡವೆಂದು ಹೇಳುವವನು ನಾನಲ್ಲ. ನಾನೇ ಅದರಲ್ಲಿ ದಿನವೂ ಓಡಾಡುತ್ತೇನೆ. ಆದರೆ ಅಂದು ಎಷ್ಟೋ ಜನ, ಹೆಂಗಸರು ಮಕ್ಕಳೆನ್ನದೆ, ಮರಗಳ ಬಳಿಗೆ ಬಂದು ನಿಂತರು. ಅವರು ತಡೆಯಲಾರದೆ ಹೋದುದು ನಿಜ. ಆದರೂ, ಇಲ್ಲಿಂದ ಒಂದು ಮರ ಹೋದರೆ ಕೇಳುವವರಿದ್ದಾರೆ ಎಂಬುದನ್ನು ತೋರಿಸಿಕೊಟ್ಟರು. 2017ರಲ್ಲಿ ಉದ್ಯಾನದೊಳಗಿದ್ದ, ಕ್ರುಂಬಿಗಲ್ಲರ ಹೆಸರನ್ನು ಹೊತ್ತ ಹಳೆಯ ಸಭಾಂಗಣವು ನೆಲಸಮವಾಯಿತು. ಬಹುಕಾಲ ದುರಸ್ತಿಯಿಲ್ಲದೆ ಅದು ಶಿಥಿಲವಾಗಿದ್ದಿತು. ಮರದ ಮೇಲೆ ಕಣ್ಣಿಟ್ಟಿದ್ದ ನಾವು ಗೋಡೆಯ ಮೇಲೆ ಕಣ್ಣಿಡಲಿಲ್ಲ. ನಾನೂ ಅದರ ಮುಂದೆ ನೂರಾರು ಸಲ ಹಾದುಹೋದವನು, ಒಂದು ಸಲವೂ ಒಂದು ಕಾಗದವನ್ನು ಬರೆಯಲಿಲ್ಲ. ಎಲ್ಲರದೂ ಆದ ವಸ್ತುವು ಯಾರದೂ ಅಲ್ಲದ್ದಾಗುವುದು ಹೀಗೆಯೇ. ಶತ್ರುವಿನ ಕೊಡಲಿಯಿಂದ ಒಂದೇ ಸಲಕ್ಕಲ್ಲ. ಮಿತ್ರರ ಅಲಕ್ಷ್ಯದಿಂದ ಸ್ವಲ್ಪ ಸ್ವಲ್ಪವಾಗಿ.

ಇದರಿಂದ ನಾನು ಹುಕ್ಕೇರಿಯ ವಿಷಯವನ್ನೂ ಬೇರೆ ರೀತಿಯಲ್ಲಿ ನೋಡಲು ಕಲಿತೆನು. ಅರಮನೆ ಬಿದ್ದುದರಿಂದ ಹೂವಿನಕೇರಿಯ ಹೂವು ಹೋಯಿತೆಂದು ಮೊದಲು ಹೇಳಿದೆನಷ್ಟೆ. ಅದು ಅರ್ಧ ಸತ್ಯ. ಅರಮನೆ ಬಿದ್ದ ಮೇಲೆ ಆ ಹೂವನ್ನು ತನ್ನದೆಂದು ಹಿಡಿದುಕೊಳ್ಳುವ ಜನ ಅಲ್ಲಿ ಏಳಲಿಲ್ಲ ಎಂಬುದು ಉಳಿದ ಅರ್ಧ. ನೀರಿನ ಕೊರತೆಯಂತೂ ಕಾರಣವಲ್ಲ. ಹಿಂದಿನವರು ನೆಲದೊಳಗೆ ಕಾಲುವೆಯನ್ನು ತಂದಿದ್ದರು. ಬೆಂಗಳೂರಿನಲ್ಲಿ ಗಾಜಿನ ಮನೆ ಎದ್ದ ಕೆಲವೇ ವರ್ಷಗಳಲ್ಲಿ, 1897ರಲ್ಲಿ, ಘಟಪ್ರಭೆಗೆ ಧೂಪದಾಳದ ಬಳಿ ಒಡ್ಡು ಮುಗಿದು ಗೋಕಾಕ ಕಾಲುವೆಯಲ್ಲಿ ನೀರು ಹರಿಯಿತು. ಆ ನೀರು ಗೋಕಾಕ, ಮೂಡಲಗಿಯ ಕಡೆಯ ಹೊಲಗಳನ್ನು ಹಸಿರು ಮಾಡಿತು. ಧೂಪದಾಳದ ಹಿನ್ನೀರಿನಲ್ಲಿ ಹಕ್ಕಿಗಳು ಬಂದು ಇಳಿಯುವುದರಿಂದ 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವೂ ಆಯಿತು. ನೀರಿದೆ, ಕಪ್ಪು ಮಣ್ಣಿದೆ, ಬಲ್ಲ ಒಕ್ಕಲಿಗರಿದ್ದಾರೆ. ಹುಕ್ಕೇರಿಯ ಗುಮ್ಮಟಗಳ ಸುತ್ತ ನಾಲ್ಕು ಮಡಿ ಗುಲಾಬಿಯನ್ನು ಬೆಳೆಸುವುದು, ಆ ಹಳೆಯ ಕಾಲುವೆಗಳ ಒಂದು ನಕ್ಷೆಯನ್ನು ಬರೆದಿಡುವುದು, ಶಾಲೆಯ ಮಕ್ಕಳಿಗೆ ಊರಿನ ಹೆಸರಿನ ಅರ್ಥವನ್ನು ಗಿಡದ ಮುಂದೆ ನಿಲ್ಲಿಸಿ ಹೇಳುವುದು—ಇದಕ್ಕೆ ಸುಲ್ತಾನನೂ ಬೇಡ, ಸಾಮ್ರಾಜ್ಯವೂ ಬೇಡ. ಎಲ್ಲ ಊರಿಗೂ 240 ಎಕರೆಯ ಲಾಲ್‌ಬಾಗು ಬೇಕೆಂದು ಆಶಿಸುವುದು ಮೌಢ್ಯ. ಆದರೆ ಪ್ರತಿಯೊಂದು ಊರಿಗೂ ತನ್ನದೆಂದು ಕಾಯುವ ನಾಲ್ಕು ಮರಗಳಿರುವುದು ಅತ್ಯಾಶೆಯಲ್ಲ.

ಉದ್ಯಾನದಲ್ಲಿ ದೊಡ್ಡವರು ನೆಟ್ಟ ಮರಗಳೂ ಇವೆ. 1961ರಲ್ಲಿ ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯು ನೆಟ್ಟ ಮರವನ್ನು ನಾನು ತೋರಿಸಿದಾಗ, “ನೆಟ್ಟಾಕಿ ರಾಣಿ. ನೀರ್ ಹಾಕಿದವರ ಹೆಸರು ಎಲ್ಲಿ ಬರದಾರ?” ಎಂಬುದು ಮಾವನವರ ಮೂರನೆಯ ಪ್ರಶ್ನೆ. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಚರಿತ್ರೆಯನ್ನು ಬರೆಯುವ ನಾವು ಆ ಫಲಕವನ್ನು ಇನ್ನೂ ಬರೆಯಬೇಕಾಗಿದೆ.

ಹೊರಡುವ ಮುಂಚೆ ಅವರು ಸಸಿಗಳನ್ನು ಮಾರುವ ಸ್ಥಳದಲ್ಲಿ ಎರಡು ಗುಲಾಬಿಯ ಗಿಡಗಳನ್ನು ಕೊಂಡರು. ಒದ್ದೆ ಗೋಣಿಯಲ್ಲಿ ಬೇರನ್ನು ಸುತ್ತಿ, ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋದರು. ಒಂದು ದಾರಿಯಲ್ಲಿಯೇ ಸೊರಗಿ ಸತ್ತಿತಂತೆ. ಇನ್ನೊಂದನ್ನು ಮನೆಯ ಹಿತ್ತಿಲಿನಲ್ಲಿ ಹಾಕದೆ ಊರಿನ ಶಾಲೆಯ ಅಂಗಳದಲ್ಲಿ ಹಾಕಿಸಿದ್ದಾರೆ. ನೀರು ಹಾಕಲು ಮಕ್ಕಳಿಗೆ ಸರದಿಯನ್ನು ಗೊತ್ತುಮಾಡಿ, ಆ ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆಂದು ಕಾಗದ ಬಂದಿದೆ. ಗಿಡವು ಚಿಗುರಿದೆಯಂತೆ, ಇನ್ನೂ ಹೂ ಬಿಟ್ಟಿಲ್ಲ.

ನನಗೆ ಕೊಟ್ಟ ಕಾಲವು ಮುಗಿಯಿತು. ಲಾಲ್‌ಬಾಗಿಗೆ ಮುಂದಿನ ಸಲ ಹೋದಾಗ ತಾವು ಹೂವನ್ನು ನೋಡಿದ ಮೇಲೆ, ಮಣ್ಣು ಮೆತ್ತಿದ ಕೈಯ ಒಬ್ಬ ಮಾಲಿಯನ್ನು ಮಾತನಾಡಿಸಿ ಬರಬೇಕೆಂದು ನನ್ನ ಪ್ರಾರ್ಥನೆ.